ತಾರೆ ಮರದ ಬಾಣಂತಿ

ಬೈತಖೋಲ ಬಂದರದಲ್ಲಿ ಮೀನಿನ ಹರಾಜು ಕೂಗುತ್ತಿದ್ದ ಮಂಗೇಶನ ಗಂಟಲು ಹೋಳಿ ಹಬ್ಬ ಮುಗಿದ ವಾರ ಕೈಕೊಟ್ಟಿತು. ತಾರ್ಲೆ ಮೀನಿನ ಬುಟ್ಟಿಗಳ ನಡುವೆ ನಿಂತು ಎಂದಿನಂತೆ ಬಾಯಿ ತೆರೆದ. ಹೊರಬಂದದ್ದು ತುಕ್ಕು ಹಿಡಿದ ಗೇಟು ಎಳೆದ ಶಬ್ದ. ಮೀನು ಕೊಳ್ಳಲು ಬಂದಿದ್ದ ಹೆಂಗಸರು ಮೊದಲು ನಕ್ಕರು. ಅವನು ಮತ್ತೆ ಬಾಯಿ ತೆರೆದಾಗ ನಗು ನಿಲ್ಲಿಸಿ ಯಾರೋ ನೀರು ತಂದುಕೊಟ್ಟರು. ಟ್ರಾಲರ್ ಬೋಟುಗಳ ಎಂಜಿನ್ನುಗಳನ್ನು ಮೀರಿಸಿ ಇಪ್ಪತ್ತೈದು ವರ್ಷ ಕೂಗಿದ ಗಂಟಲು ಅದು. ಸುಸ್ತಾಗಿತ್ತು.

"ಧ್ವನಿಪೆಟ್ಟಿಗೆಯಲ್ಲಿ ಸಣ್ಣ ಗಂಟುಗಳಾಗಿವೆ" ಎಂದರು ಡಾಕ್ಟರು. "ತಿಂಗಳೊಪ್ಪತ್ತು ಒಂದು ಶಬ್ದವೂ ಹೊರಡಕೂಡದು. ಪಿಸುಮಾತೂ ಬೇಡ, ಅದು ಇನ್ನೂ ಕೆಟ್ಟದ್ದು."

ಮಂಗೇಶನ ಹೆಂಡತಿ ಜಯಂತಿ ಕಾರವಾರದ ಅಂಚೆ ಕಚೇರಿಯಲ್ಲಿ ಗುಮಾಸ್ತೆ. ಗಂಡ ಸುಮ್ಮನಿರುತ್ತಾನೆಂದು ಕೇಳಿ ಅವಳಿಗೆ ಒಳಗೊಳಗೇ ಸಣ್ಣದೊಂದು ಖುಷಿಯಾದದ್ದು ಸುಳ್ಳಲ್ಲ. ಆದರೆ ಅವನು ಸುಮ್ಮನಿರಲಿಲ್ಲ. ಹಾಲಿನವನನ್ನು ಕಂಡರೆ ಬಾಯಿ ತೆರೆಯುತ್ತಿದ್ದ, ಟೀವಿಯಲ್ಲಿ ಅಂಪೈರು ತಪ್ಪು ಮಾಡಿದರೆ ತೆರೆಯುತ್ತಿದ್ದ, ನಿದ್ದೆಯಲ್ಲಂತೂ ಬಂಗಡೆಯ ಹರಾಜು ಸಾಂಗವಾಗಿ ನಡೆಯುತ್ತಿತ್ತು. ಜಯಂತಿ ಅವನ ಬಟ್ಟೆ ಚೀಲಕ್ಕೆ ತುಂಬಿ ಕದ್ರಾ ಬಸ್ಸು ಹತ್ತಿಸಿದಳು.

"ನಿಮ್ಮ ಅಕ್ಕನ ಮನೆಗೆ ಹೋಗಿರಿ. ಅಲ್ಲಿ ನಿಮ್ಗೆ ಮಾತಾಡೂಕೆ ಎಡೆಯೇ ಸಿಗೂದಿಲ್ಲ."

ಇದು ನಿಜವಾಗಿತ್ತು. ಅಕ್ಕ ಮಂದಾಕಿನಿ ಇದ್ದಲ್ಲಿ ಇನ್ನೊಬ್ಬರ ಮಾತಿಗೆ ಸಂದು ಸಿಗುವುದು ಕಷ್ಟ. ಅವಳ ಗಂಡ ಭಾಸ್ಕರ ಕದ್ರಾ ವಿದ್ಯುತ್ ಕೇಂದ್ರದಲ್ಲಿ ಆಪರೇಟರು. ರಾತ್ರಿ ಪಾಳಿ ಮುಗಿಸಿ ಬಂದು ಹಗಲಿಡೀ ಮಲಗುವುದಕ್ಕೆ ಅವನು ಕೊಡುವ ಕಾರಣ ಪಾಳಿ. ಮಂಗೇಶನಿಗೆ ಬೇರೆ ಅನುಮಾನವಿತ್ತು.

ಅವರ ಮನೆ ಕಾಡಿನ ಅಂಚಿನಲ್ಲಿದೆ. ಹಿತ್ತಿಲಿನಲ್ಲಿ ಭಾರೀ ತಾರೆ ಮರ. ಮಂಗೇಶ ಚೀಲ ಕೆಳಗಿಡುವ ಮೊದಲೇ ಅಕ್ಕ ಅವನ ರಟ್ಟೆ ಹಿಡಿದು ಅದರ ಬುಡಕ್ಕೆ ಎಳೆದೊಯ್ದಳು.

"ಮೇಲೆ ನೋಡು. ಪೊಟರೆ ಕಾಣ್ತದಲಾ? ಒಳಗೆ ಬಾಣಂತಿ ಇದ್ದಾಳೆ."

ಕೊಂಬೆ ಮುರಿದ ಜಾಗದಲ್ಲೊಂದು ಪೊಟರೆ. ಅದರ ಬಾಯಿಗೆ ಮಣ್ಣು ಮೆತ್ತಿ ಯಾರೋ ಗೋಡೆ ಕಟ್ಟಿದಂತಿತ್ತು. ನಡುವೆ ಉದ್ದನೆಯ ಸೀಳು. ಸೀಳಿನಲ್ಲಿ ಹಳದಿ ಕೊಕ್ಕಿನ ತುದಿಯೊಂದು ಇಣುಕಿ ಒಳಗೆ ಹೋಯಿತು.

"ಮಂಗಟ್ಟೆ ಅದು. ಹೆಣ್ಣು ಒಳಗೆ ಹೋಗಿ ತಾನೇ ಬಾಗಿಲು ಮುಚ್ಕೊಂಡು ಕೂತದೆ. ಮೊಟ್ಟೆ, ಮರಿ ಎಲ್ಲಾ ಒಳಗೇ. ರೆಕ್ಕೆ ಗರಿ ಎಲ್ಲಾ ಉದುರಿಸ್ಕೊಂಡು ಕೂರೂದು, ಹಾರೂಕೂ ಬರೂದಿಲ್ಲ ಈಗ. ಊಟ ಎಲ್ಲಾ ಗಂಡೇ ತಂದು ಕೊಡ್ಬೇಕು. ನೋಡಿ ಕಲೀರಿ ಅಂತ ನಿನ್ನ ಭಾವನಿಗೆ ದಿನಾ ಹೇಳ್ತೆ. ಅವ್ರು ಮಗ್ಗುಲು ತಿರುಗಿ ಮಲಗ್ತಾರೆ."

ಅಷ್ಟರಲ್ಲಿ ತಲೆಯ ಮೇಲೆ ಬುಸ್ ಬುಸ್ ಎಂದು ರೆಕ್ಕೆಯ ಸದ್ದಾಯಿತು. ಕಪ್ಪು-ಬಿಳಿ ಬಣ್ಣದ ದೊಡ್ಡ ಗಂಡು ಹಕ್ಕಿಯೊಂದು ಬಂದು ತೊಗಟೆ ಹಿಡಿದು ಕುಳಿತಿತು. ಕೊಕ್ಕಿನ ಮೇಲೆ ಇನ್ನೊಂದು ಕೊಕ್ಕು ಕವುಚಿಟ್ಟಂತೆ ಅದರ ಮುಖ. ಗಂಟಲಿನಿಂದ ಒರಟಾಗಿ ಕರ್ರೆಂದು ಕರೆಯಿತು. ಸೀಳಿನಲ್ಲಿ ಕೊಕ್ಕು ಮೂಡಿತು. ಗಂಡು ಒಂದೊಂದೇ ಹಣ್ಣನ್ನು ಗಂಟಲಿನಿಂದ ಮೇಲೆ ತಂದು, ಕೊಕ್ಕಿನ ತುದಿಯಲ್ಲಿ ಹಿಡಿದು ಒಳಗೆ ದಾಟಿಸಿತು. ಅವಸರವಿಲ್ಲ, ಒಂದೂ ಕೆಳಗೆ ಬೀಳಲಿಲ್ಲ. ಇಷ್ಟು ಶಿಸ್ತಿನಿಂದ ಮಾಲು ಇಳಿಸುವವರನ್ನು ಮಂಗೇಶ ಬಂದರದಲ್ಲಿ ಕಂಡಿರಲಿಲ್ಲ.

ಬೇರೆ ಕೆಲಸವಿಲ್ಲದ ಅವನು ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರತೊಡಗಿದ. ಅಕ್ಕ ತೆಂಗಿನಕಾಯಿ ತುರಿಯುತ್ತ ವಿವರಣೆ ಕೊಡುತ್ತಿದ್ದಳು. ಹಿತ್ತಿಲಿನ ಬೇಲಿಗೆ ತಾಗಿದ ರಸ್ತೆ ಅಗಲವಾಗುತ್ತಿತ್ತು. ಆಚೆಯ ಗುಡ್ಡವನ್ನು ಬೋಳಿಸಿ ಕೆಂಪು ಮಣ್ಣು ಕಾಣುವಂತೆ ಮಾಡಿದ್ದರು.

"ಆ ಗುಡ್ಡದಲ್ಲಿ ಮೊದಲು ಐದಾರು ಜೋಡಿ ಇದ್ವು. ಪೊಟರೆ ಇದ್ದ ಹಳೇ ಮರ ಎಲ್ಲಾ ಹೋದ್ವು. ಗೋಳಿ ಮರ ಹೋದ್ವು, ಹಣ್ಣು ಎಲ್ಲಿಂದ ಬರ್ಬೇಕು? ಉಳಿದವು ಎತ್ಲಾಗೆ ಹೋದ್ವೋ ಗೊತ್ತಿಲ್ಲ. ಇದೊಂದು ಜೋಡಿ ನನ್ನ ಹಿತ್ತಿಲಿಗೆ ಬಂತು. ಬಾಡಿಗೆ ಕೇಳ್ಲಿಲ್ಲ ನಾನು."

ತಾರೆ ಮರದ ಬುಡದಲ್ಲೂ, ಕಡಿಯುವ ಮರಗಳಿಗೆಲ್ಲ ಹಾಕಿದಂತೆ, ಕೆಂಪು ಬಣ್ಣದಲ್ಲಿ ಒಂದು ಅಂಕೆ ಬರೆದಿತ್ತು. ಮಂದಾಕಿನಿ ಅದರ ಮೇಲೆ ಒದ್ದೆ ಗೋಣಿ ಒಣಹಾಕಿ ಮುಚ್ಚಿದ್ದಳು.

ರಾಮನವಮಿ ಮುಗಿದ ಮೇಲೆ ಒಂದು ದಿನ ಗಂಡು ಬರಲಿಲ್ಲ. ಮಧ್ಯಾಹ್ನವಾಯಿತು. ಸೀಳಿನಲ್ಲಿ ಕೊಕ್ಕು ಬಂದು ಹೋಗಿ ಮಾಡುತ್ತಿತ್ತು. ಮಂಗೇಶ ಎದ್ದು ರಸ್ತೆಗೆ ಹೋದ. ತಿರುವಿನಲ್ಲಿ, ಡಾಂಬರಿನ ಅಂಚಿಗೆ, ಅದು ಬಿದ್ದಿತ್ತು. ಎರಡೂ ಬದಿ ಮರಗಳಿದ್ದಾಗ ಎತ್ತರದಲ್ಲೇ ದಾಟುತ್ತಿದ್ದ ಹಕ್ಕಿ ಈಗ ಬೋಳು ಗುಡ್ಡದಿಂದ ತಗ್ಗಾಗಿ ಹಾರಿ ಬರಬೇಕಿತ್ತು. ಯಾವುದೋ ಲಾರಿಗೆ ಬಡಿದಿತ್ತು. ಪಕ್ಕದಲ್ಲಿ ಆಲದ ಹಣ್ಣಿನಂಥ ನಾಲ್ಕಾರು ಕೆಂಪು ಗೋಳಿ ಹಣ್ಣು ಚೆಲ್ಲಿದ್ದವು.

ಮಂಗೇಶ ಅದನ್ನು ಎರಡೂ ಕೈಯಲ್ಲಿ ಎತ್ತಿ ತಂದ. ನೋಡಲು ಅಷ್ಟು ದೊಡ್ಡದಿದ್ದರೂ ತೂಕವೇ ಇರಲಿಲ್ಲ. ಮಂದಾಕಿನಿ ಹಾರೆ ತಂದಳು. ದಾಸವಾಳದ ಗಿಡದ ಹತ್ತಿರ ಗುಂಡಿ ತೋಡಿದರು. ಸಂಜೆಯವರೆಗೂ ಆ ಮನೆಯಲ್ಲಿ ಮಾತೇ ಇರಲಿಲ್ಲ. ಎಚ್ಚರವಾದ ಭಾಸ್ಕರ ಹೆದರಿ ಹೊರಗೆ ಬಂದ. "ಎಂತಾ ಆಯ್ತು? ಮನೆಯಲ್ಲಿ ಯಾರೂ ಇಲ್ವಾ?"

ಮರುದಿನ, ಮಂದಾಕಿನಿ ಹೇಳಿಕಳಿಸಿದ ಮೇಲೆ, ಅರಣ್ಯ ಇಲಾಖೆಯ ರೂಪಾ ಬೈಕಿನಲ್ಲಿ ಬಂದು ಪೊಟರೆ ನೋಡಿದಳು. ಗೋಡೆ ಒಡೆದರೆ ಹಾರಲಾಗದ ತಾಯಿಯೂ ಉಳಿಯುವುದಿಲ್ಲ, ಮರಿಯೂ ಉಳಿಯುವುದಿಲ್ಲ ಎಂದಳು. "ಹೊರಗಿಂದ ಯಾರಾದ್ರೂ ತಿನ್ನಿಸಿದ್ರೆ ಒಂದು ಆಸೆ ಅದೆ. ಮರ ಕಡೀಬೇಡಿ ಅಂತ ನಾನು ಮೇಲಿನವರಿಗೆ ಬರೀತೆ. ಉತ್ತರ ಬರೂದು ತಡ ಆಗ್ತದೆ. ನಾನೂ ದಿನಾ ಬರೂಕೆ ಆಗೂದಿಲ್ಲ, ಗುಡ್ಡದಲ್ಲಿ ಬೆಂಕಿ ಬೀಳೂ ಕಾಲ ಇದು. ನೀವು ಇದ್ದೀರಲಾ?"

ಮಂಗೇಶ ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. ಅವಳು ಕೇಳಿದ್ದು ಅವನನ್ನೇ.

ಏಣಿ ನಿಲ್ಲಿಸಿದರು. ಏಣಿಯ ಮೇಲಿನಿಂದಲೂ ಪೊಟರೆ ಕೈಗೆಟುಕದು, ಹಾಗಾಗಿ ಮಾವಿನಕಾಯಿ ಕೊಯ್ಯುವ ದೋಟಿಯ ತುದಿ ಸೀಳಿ ಅದರಲ್ಲಿ ಪಪಾಯಿ ಹೋಳು ಸಿಕ್ಕಿಸಿದರು. ಮಂಗೇಶ ಹತ್ತಿ ನಿಂತು ಸೀಳಿನ ಮುಂದೆ ಹಿಡಿದ. ಒಳಗೆ ಕೊಕ್ಕು ಹಿಂದೆ ಸರಿಯಿತು. ಬಾಳೆಹಣ್ಣು ಹಿಡಿದ, ಉತ್ತರವಿಲ್ಲ. ಮಂದಾಕಿನಿ ಅನ್ನದ ಉಂಡೆ ಕಳಿಸಿದಳು, ತುಪ್ಪ ಸವರಿ. ಅದಕ್ಕೂ ಇಲ್ಲ.

"ಕರೀದೇ ಯಾರು ಬರ್ತಾರೆ? ಗಂಡು ಕರ್ದ ಮೇಲೇ ಬಾಯಿ ತೆಗೀತಿತ್ತು" ಎಂದಳು ಮಂದಾಕಿನಿ. ತಮ್ಮನಿಗೆ ಮಾತು ನಿಷಿದ್ಧ. ಕೆಲಸ ತನ್ನದೇ ಎಂದು ಸೆರಗು ಸಿಕ್ಕಿಸಿ ನಿಂತು ಮಂಗಟ್ಟೆಯ ಹಾಗೆ ಕೂಗಿದಳು. ಹಟ್ಟಿಯ ಎಮ್ಮೆ ಹಗ್ಗ ಜಗ್ಗಿತು. ಭಾಸ್ಕರ ದೊಣ್ಣೆ ಹಿಡಿದು ಓಡಿಬಂದು, ಕಳ್ಳ ಎಲ್ಲಿ ಎಂದು ಕೇಳಿದ. ಸೀಳು ಮಾತ್ರ ಖಾಲಿಯಾಗಿಯೇ ಇತ್ತು.

ಆ ಗಲಾಟೆಯಲ್ಲಿ ಮಂಗೇಶ ಮರದ ತೊಗಟೆಯನ್ನು ತಬ್ಬಿಕೊಂಡಿದ್ದ. ತೊಗಟೆಯ ಮೇಲೆ ಕೆಂಪಿರುವೆಗಳ ಸಾಲು ಹೋಗುತ್ತಿತ್ತು. ಅದರಲ್ಲೊಂದು ಅವನ ಅಂಗಿಯೊಳಗೆ ಹೊಕ್ಕು ಪಕ್ಕೆಗೆ ಕಚ್ಚಿತು.

"ಕರ್ರ್ರ್ಕ್!"

ಡಾಕ್ಟರು ಬೇಡವೆಂದ ಶಬ್ದ ಹೊರಟೇಹೋಯಿತು. ಅವನು ಬಾಯಿಗೆ ಕೈ ಅಡ್ಡ ಹಿಡಿದುಕೊಳ್ಳುವಷ್ಟರಲ್ಲಿ ಸೀಳಿನಿಂದ ಕೊಕ್ಕು ಗೇಣುದ್ದ ಹೊರಬಂದು ದೋಟಿಯ ತುದಿಯ ಪಪಾಯಿಯನ್ನು ಕಿತ್ತುಕೊಂಡಿತು.

ಕೆಳಗೆ ಮೂವರೂ, ಎಂದರೆ ಅಕ್ಕ, ಭಾವ, ಎಮ್ಮೆ, ಮೇಲೆ ನೋಡುತ್ತ ನಿಂತಿದ್ದರು.

"ಅರೇ ದೇವಾ" ಎಂದಳು ಮಂದಾಕಿನಿ. "ನಿನ್ನ ಹಾಳಾದ ಗಂಟಲು ಮಂಗಟ್ಟೆಯದೇ ಅಲ್ವೋ!"

ಅಂದಿನಿಂದ ಒಪ್ಪಂದವಾಯಿತು. ಹೊತ್ತಿಗೊಂದು ಕೂಗು, ಅದೂ ಮೆಲ್ಲಗೆ. ಉಳಿದ ಹೊತ್ತು ಕಟ್ಟುನಿಟ್ಟಾದ ಮೌನ. ಜಯಂತಿಗೆ ಈ ವಿಷಯ ಹೇಳಕೂಡದು. ರಾತ್ರಿ ಜಯಂತಿ ಫೋನು ಮಾಡಿ "ಅವ್ರು ಬಾಯಿ ಮುಚ್ಕೊಂಡೇ ಇದ್ದಾರಾ?" ಎಂದು ಕೇಳಿದರೆ ಮಂದಾಕಿನಿ, "ಮನುಷ್ಯರ ಹತ್ರ ಒಂದು ಮಾತಿಲ್ಲ ನೋಡು" ಎನ್ನುತ್ತಿದ್ದಳು. ಸುಳ್ಳು ಹೇಳಿದ ಹಾಗೂ ಆಗಲಿಲ್ಲ.

ತೊಂದರೆ ಬೇರೆ ಕಡೆಯಿಂದ ಬಂತು. ಮೂರನೆಯ ದಿನಕ್ಕೆ ಪಪಾಯಿ ಬೇಸರವಾಗಿ ಹೆಣ್ಣು ಹೋಳನ್ನು ತೆಗೆದು ಮಂಗೇಶನ ತಲೆಯ ಮೇಲೇ ಎಸೆಯಿತು. ಗೋಳಿ ಹಣ್ಣೇ ಬೇಕು ಅದಕ್ಕೆ. ಊರಿನ ಗೋಳಿ ಮರಗಳೆಲ್ಲ ರಸ್ತೆಗೆ ಹೋಗಿದ್ದವು, ಗಂಡು ಯಾವ ದೂರದ ಕಾಡಿನಿಂದ ತರುತ್ತಿತ್ತೋ. ಅವನು ತಲೆಯಿಂದ ಬೀಜ ಆರಿಸಿಕೊಳ್ಳುತ್ತ ಮೆಟ್ಟಿಲ ಮೇಲೆ ಕೂತಿದ್ದಾಗ ರಸ್ತೆ ಕೆಲಸದ ಸೂಪರ್‌ವೈಸರ್ ನಿತಿನ, ಗರಗಸದ ಯಂತ್ರ ಹೊತ್ತ ಇಬ್ಬರು ಆಳುಗಳ ಜೊತೆ ಹಿತ್ತಿಲಿಗೆ ಬಂದ. ಅಂಕೋಲೆಯ ಬೊಬ್ರುವಾಡದವನು, ಮೀಸೆ ಈಚೆಗಷ್ಟೇ ದಪ್ಪವಾದವನು. ಗೋಣಿ ಸರಿಸಿ ಅಂಕೆ ನೋಡಿದ.

"ಅಕ್ಕಾ, ಈ ಮರ ಇವತ್ತು ಹೋಗ್ತದೆ."

ಮಂದಾಕಿನಿ ಬಾಣಂತಿಯ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ನಿತಿನನ ಮುಖ ಸಣ್ಣದಾಯಿತು. "ನಂಗೂ ಪಾಪ ಅನ್ನಿಸ್ತದೆ ಅಕ್ಕಾ. ಆದ್ರೆ ಮೇಲಿಂದ ಒತ್ತಡ. ಬೇಕಾದ್ರೆ ಎರಡು ದಿನ ಬಿಡ್ತೆ."

ಎರಡು ಎಂಬ ಮಾತು ಕಿವಿಗೆ ಬಿದ್ದದ್ದೇ ಮಂಗೇಶ ಎದ್ದು ನಿಂತ. ಯಾರಾದರೂ ಒಂದು ಸಂಖ್ಯೆ ಹೇಳಿದರೆ ಹರಾಜಿನ ರೂಢಿಯಿಂದ ಅವನು ತಾನಾಗಿ ಎದ್ದು ನಿಲ್ಲುತ್ತಿದ್ದ. ಹಿತ್ತಿಲಿನ ನಡುವೆ ಬಂದು ಎರಡು ಬೆರಳು ಎತ್ತಿ ಹಿಡಿದ. ಆಮೇಲೆ ಸುತ್ತಲೂ ಕಣ್ಣಾಡಿಸಿದ: ಬಾವಿಕಟ್ಟೆ ನೋಡಿದ, ಎಮ್ಮೆ ನೋಡಿದ, ಇಷ್ಟೇನಾ, ಇದಕ್ಕಿಂತ ಮೇಲೆ ಹೇಳುವವರು ಈ ಊರಲ್ಲಿ ಯಾರೂ ಇಲ್ಲವಾ ಎಂಬ ಮುಖ ಮಾಡಿದ.

"ಹೋಯ್, ನೀವು ಬೈತಖೋಲದ ಹರಾಜಿನ ಮಂಗೇಶಣ್ಣ ಅಲ್ದಾ?" ಎಂದ ನಿತಿನ. "ನಮ್ಮಪ್ಪನ ಜೊತೆ ಮೀನಿಗೆ ಬರ್ತಿದ್ದೆ ನಾನು!"

ಮಂಗೇಶ ತಲೆಯಾಡಿಸಿದ. ಬೆರಳು ಇಳಿಸಲಿಲ್ಲ. ತಮ್ಮನ ಲೆಕ್ಕ ಮಂದಾಕಿನಿಗೆ ಹೊಳೆಯಿತು.

"ವಾರ!" ಎಂದು ಕೂಗಿದಳು.

ಮಂಗೇಶನ ಬೆರಳು ಬದಲಾದವು. ಅವನು ನಿತಿನನ ತಲೆಯ ಮೇಲಿಂದ ಹಾಯಿಸಿ, ಮಾಲು ಬೇರೆಯವರ ಪಾಲಾಯಿತಲ್ಲ ಎಂಬಂತೆ ಮರುಗಿದ ನೋಟವೊಂದನ್ನು ಬೀರಿದ. ಆ ನೋಟವನ್ನು ಬೈತಖೋಲದಲ್ಲಿ ಯಾರೂ ತಡೆದುಕೊಂಡದ್ದಿಲ್ಲ.

"ಹತ್ತು ದಿನ!" ಎಂದುಬಿಟ್ಟ ನಿತಿನ.

ಗದ್ದಲಕ್ಕೆ ಎಚ್ಚರವಾದ ಭಾಸ್ಕರ ಲುಂಗಿ ಕಟ್ಟಿಕೊಳ್ಳುತ್ತ ಅಡುಗೆಮನೆಯ ಬಾಗಿಲಿಗೆ ಬಂದ. ಏನು ನಡೆದಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಆದರೂ, "ಹದಿನೈದು!" ಎಂದ.

"ಒಂದು ತಿಂಗಳು!" ನಿತಿನನ ಕೈ ತಾನಾಗಿ ಮೇಲೆ ಹೋಗಿತ್ತು.

ಮಂಗೇಶ ಚಪ್ಪಾಳೆ ತಟ್ಟಿ ಹರಾಜು ಮುಗಿಸಿದ.

 ಆಳುಗಳಲ್ಲಿ ಒಬ್ಬ ಗರಗಸವನ್ನು ಕೆಳಗಿಟ್ಟು ಬಾಯಿಗೆ ಟವೆಲ್ ಒತ್ತಿಕೊಂಡ.

"ನಾನು ಈಗ ಎಂತಾ ತಗೊಂಡೆ?" ಎಂದ ನಿತಿನ.

"ಒಂದು ಮರ, ತಿಂಗಳ ಮಟ್ಟಿಗೆ" ಎಂದಳು ಮಂದಾಕಿನಿ. "ಬಾ, ಚಾ ಕುಡಿ."

ಚಾ ಕುಡಿಯುತ್ತ ನಿತಿನ ಬಹಳ ಹೊತ್ತು ಯೋಚಿಸಿದ. ಗುಡ್ಡದ ಬದಿಯ ಕೆಲಸ ಬಾಕಿ ಇದ್ದೇ ಇದೆ, ಮೊದಲು ಅದನ್ನು ಮುಗಿಸಿದರೆ ಯಾರು ಕೇಳುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡ. ಆಮೇಲೆ ಏಣಿ ಹತ್ತಿ, ಮಂಗೇಶ ಕೂಗಿ ತಿನ್ನಿಸುವುದನ್ನು ನೋಡಿದ. ಇಳಿದಾಗ ಅವನ ಕಣ್ಣು ಅಗಲವಾಗಿದ್ದವು. "ಗೋಳಿ ಹಣ್ಣು ಬೇಕಲ್ದಾ? ನಮ್ಮನೆ ಹಿಂದೆ ದೊಡ್ಡ ಗೋಳಿ ಅದೆ. ಹಣ್ಣು ಬಿದ್ದು ಬಿದ್ದು ಕಾಲಿಗೆ ಮೆತ್ತಿಕೊಳ್ತದೆ. ಬರ್ತ್ರಾ?"

ಭಾನುವಾರ ಮಂಗೇಶ ಅವನ ಬೈಕಿನ ಹಿಂದೆ ಕೂತು ಬೊಬ್ರುವಾಡಕ್ಕೆ ಹೋದ. ನಿತಿನನ ಅಜ್ಜಿ ಸುಕ್ರಿ ಅಂಗಳದಲ್ಲಿ ಸೌತೆಕಾಯಿ ರಾಶಿ ಹಾಕಿಕೊಂಡು ಕೂತಿದ್ದಳು. ಇಂವ ಮಾತಾಡೂದಿಲ್ಲ ಎಂದು ಮೊಮ್ಮಗ ಹೇಳಿದ ಕೂಡಲೇ, ಪಾಪ ಕಿವಿಯೂ ಕೇಳುವುದಿಲ್ಲವೆಂದು ತಾನೇ ತೀರ್ಮಾನಿಸಿ, ಅವನ ಕಿವಿಗೆ ಬಾಯಿಟ್ಟು ಕೂಗತೊಡಗಿದಳು.

"ಊಟಾ ಆಯ್ತನಾ ತಮಾ? ಹಸಿವು ಆಗದ್ಯಾ?"

ಮಂಗೇಶ ಬೆಚ್ಚಿಬಿದ್ದ. ಕೇಳುತ್ತದೆ ಎಂದು ಕೈಸನ್ನೆ ಮಾಡಿದಷ್ಟೂ ಅವಳು ಇನ್ನೂ ಗಟ್ಟಿಯಾಗಿ ಕೂಗಿದಳು. ತನ್ನ ಎದುರಿಗೆ ಇಷ್ಟು ವರ್ಷ ನಿಂತ ಜನಕ್ಕೆ ಹೇಗನ್ನಿಸುತ್ತಿತ್ತೆಂದು ಅವನಿಗೆ ಮೊದಲ ಬಾರಿಗೆ ಗೊತ್ತಾಯಿತು.

ಮನೆಯ ಹಿಂದಿನ ಗೋಳಿ ಮರ ಹಣ್ಣಿನಿಂದ ಕೆಂಪಾಗಿತ್ತು. ನೆಲದ ಮೇಲೂ ಕೆಂಪು, ನೊಣಗಳು ಗುಂಯ್‌ಗುಟ್ಟುತ್ತಿದ್ದವು. ಮರದ ಮೇಲೆ ಎರಡು ಕಾಗೆ ಬಿಟ್ಟರೆ ಯಾವ ಹಕ್ಕಿಯೂ ಇರಲಿಲ್ಲ.

"ನಾ ಮದಿಯಾಗಿ ಈ ಮನೆಗೆ ಬಂದಾಗ ಈ ಮರದ ಮೇಲೆ ಮಂಗಟ್ಟೆ ಬರ್ತಿದ್ವು" ಎಂದಳು ಸುಕ್ರಿ, ಈಗ ಸಾಧಾರಣ ದನಿಯಲ್ಲಿ, ತನಗೇ ಹೇಳಿಕೊಂಡಂತೆ. "ಹಿಂದಿನ ಗುಡ್ಡ ಖಾಲಿ ಆಯ್ತು, ಅವೂ ಹೋದ್ವು. ಈಗ ಹಣ್ಣು ಅದೆ, ತಿಂಬೂಕೆ ಯಾರೂ ಇಲ್ಲ. ತಕಂಡು ಹೋಗಿ. ಯಾರಾರೂ ತಿನ್ಲಿ."

ಇಲ್ಲಿ ಹಕ್ಕಿಯಿಲ್ಲದ ಹಣ್ಣು, ಅಲ್ಲಿ ಹಣ್ಣಿಲ್ಲದ ಹಕ್ಕಿ. ಮಂಗೇಶ ಎರಡು ಚೀಲ ತುಂಬಿದ. ಅಂದಿನಿಂದ ನಿತಿನನ ಬೈಕಿನಲ್ಲಿ ಊಟದ ಡಬ್ಬಿಯ ಜೊತೆ ಗೋಳಿ ಹಣ್ಣಿನ ಚೀಲವೂ ಕದ್ರಾಕ್ಕೆ ಬರತೊಡಗಿತು. ಹಗಲು ಆ ಬದಿಯಲ್ಲಿ ಮರ ಉರುಳಿಸುವುದು, ಈ ಬದಿಯಲ್ಲಿ ಹಣ್ಣು ಕೊಡುವುದು. "ನಂಗೇ ತಲೆ ಸರಿ ಇಲ್ಲ ಅನ್ನಿಸ್ತದೆ ಅಣ್ಣಾ" ಎಂದು ಒಮ್ಮೆ ಹೇಳಿದ. ಮಂಗೇಶ ಅವನ ಭುಜ ತಟ್ಟಿದ. ಮಾತು ಬರುತ್ತಿದ್ದರೂ ಅದಕ್ಕೆ ಏನು ಹೇಳಬೇಕೆಂದು ಅವನಿಗೆ ಗೊತ್ತಿರಲಿಲ್ಲ.

ಜಯಂತಿ ಹೇಳದೇ ಕೇಳದೇ ಬಂದದ್ದು ಒಂದು ರಜಾದಿನ. ಗಂಡನಿಗೆ ಇಷ್ಟವೆಂದು ಒಣ ಸಿಗಡಿಯ ಚಟ್ನಿ ಮಾಡಿಕೊಂಡು ಬಂದಿದ್ದಳು. ಗೇಟು ತೆರೆದಾಗಲೇ ಹಿತ್ತಿಲಿನಿಂದ ಪರಿಚಿತ ದನಿಯೊಂದು "ಕರ್ರ್ಕ್, ಕರ್ರ್ಕ್" ಎನ್ನುವುದು ಕೇಳಿಸಿತು. ಹೋಗಿ ನೋಡಿದರೆ ಏಣಿಯ ಮೇಲೆ ಗಂಡ.

"ಏನ್ರೀ ಇದು?"

ಮಂಗೇಶ ಇಳಿಯಲೂ ಇಲ್ಲ, ಹತ್ತಲೂ ಇಲ್ಲ. 

"ನನ್ನ ಹತ್ರ ಒಂದು ಅಕ್ಷರ ಆಡೂದಿಲ್ಲ. ಫೋನ್ ಕಿವಿಗಿಟ್ರೆ ಬರೀ ಉಸಿರು. ಇಲ್ಲಿ ಮರದ ಹತ್ರ ಸಂಸಾರ ಮಾಡ್ತಿದ್ದೀರಾ? ಗಂಟಲು ಪೂರ್ತಿ ಹೋದ್ರೆ ಎಂತಾ ಮಾಡೂದು? ಹೇಳಿ!"

ಹೇಳುವಂತಿರಲಿಲ್ಲ. ಮಂದಾಕಿನಿ ಓಡಿಬಂದು, ಲಾರಿ, ದಾಸವಾಳದ ಗಿಡ, ಪಪಾಯಿ, ಕೆಂಪಿರುವೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಜಯಂತಿ ಕೇಳುತ್ತ ಕೇಳುತ್ತ ಚಟ್ನಿಯ ಡಬ್ಬಿಯನ್ನು ಕುರ್ಚಿಯ ಮೇಲಿಟ್ಟಳು.

"ಅಂದ್ರೆ ಇವ್ರ ದನಿ ಇದ್ರೆ ಮಾತ್ರ ತಿಂತದೆ?"

"ಬೇರೆ ಯಾರ್ದೂ ಆಗೂದಿಲ್ಲ. ನಾನು ಕೂಗಿ ನೋಡ್ದೆ."

"ಇಳೀರಿ" ಎಂದಳು ಜಯಂತಿ ಗಂಡನಿಗೆ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಅವನ ಕೈಯಿಂದ ದೋಟಿ ಇಸಿದುಕೊಂಡು ಏಣಿ ಹತ್ತಿ, ಕಣ್ಣು ಮುಚ್ಚಿ ಒಂದು ಕ್ಷಣ ನಿಂತಳು. ಆಮೇಲೆ ಬಾಯಿ ತೆರೆದಳು.

"ಕರ್ರ್ರ್ಕ್!"

ಮಂಗೇಶನಿಗೆ ತನ್ನ ಗಂಟಲನ್ನು ಯಾರೋ ಹೊರಗೆ ತೆಗೆದಿಟ್ಟಂತಾಯಿತು. ಅದೇ ಒಡಕು, ಕೊನೆಯಲ್ಲಿ ಅದೇ ಎಳೆತ. ಇಪ್ಪತ್ತೆರಡು ವರ್ಷ ಆ ದನಿಗೆ ಏಳುತ್ತ ಮಲಗುತ್ತ ಬಂದವಳಿಗೆ ಅದರ ಹೊಸ ಒಡಕೂ ಕಷ್ಟವೇ ಅಲ್ಲ. ಸೀಳಿನಿಂದ ಕೊಕ್ಕು ಹೊರಬಂತು. ಸ್ವಲ್ಪ ಅನುಮಾನಿಸಿತು. ಹಣ್ಣು ತೆಗೆದುಕೊಂಡಿತು.

"ಅಯ್ಯಾ, ನೋಡಿ, ತಗೊಂಡ್ತು!" ಜಯಂತಿ ಏಣಿಯ ಮೇಲೇ ಕುಣಿಯಹೋಗಿ ಭಾಸ್ಕರ ಕೆಳಗಿನಿಂದ ಏಣಿ ಹಿಡಿದುಕೊಳ್ಳಬೇಕಾಯಿತು.

ಗಂಡನನ್ನು ನೋಡಿಕೊಂಡು ಹೋಗಲು ಬಂದವಳು ರಜೆ ಹಾಕಿ ಉಳಿದಳು. ಗಂಡನ ಮೌನದ ಶಿಕ್ಷೆಯನ್ನೂ ಡಾಕ್ಟರನ್ನು ಕೇಳಿ ಇನ್ನಷ್ಟು ದಿನ ಮುಂದುವರಿಸಿದಳು. ಕೂಗುವುದು ಅವಳು, ದೋಟಿ ಹಿಡಿಯುವುದು ಅವನು. ಒಳಗಿನಿಂದ ಈಗ ಎರಡನೆಯದೊಂದು ಸಣ್ಣ ದನಿ ಕೀರಲಾಗಿ ಕೇಳುತ್ತಿತ್ತು. ಅದು ಕೇಳಿದ ದಿನ ಮಂದಾಕಿನಿ ಪಾಯಸ ಮಾಡಿದಳು.

ಮೇ ತಿಂಗಳ ನಡುವೆ ಒಂದು ಬೆಳಿಗ್ಗೆ ಪೊಟರೆಯಿಂದ ಟಕಟಕ ಸದ್ದು. ತಾಯಿ ಒಳಗಿನಿಂದ ಗೋಡೆ ಕುಟ್ಟಿ ಒಡೆಯುತ್ತಿತ್ತು. ಎಲ್ಲರೂ ಕೆಳಗೆ ನಿಂತರು. ಹಣ್ಣಿನ ಚೀಲ ತಂದ ನಿತಿನ ಅದನ್ನು ಇಳಿಸಲೂ ಮರೆತ. ಮಣ್ಣಿನ ಹೆಂಟೆ ಉದುರಿತು. ಉದ್ದ ಕೊಕ್ಕು, ಆಮೇಲೆ ತಲೆ, ಆಮೇಲೆ ಮೈಯನ್ನೆಲ್ಲ ಹಿಂಡಿಕೊಂಡು ತಾಯಿ ಹೊರಬಂದು ಕೊಂಬೆಯ ಮೇಲೆ ಕುಳಿತಿತು. ಹೊಸ ಗರಿಗಳನ್ನು ಬಿಡಿಸಿತು, ಮಡಚಿತು. ಸ್ವಲ್ಪ ಹೊತ್ತಿಗೆ ಮರಿಯೂ ತಲೆ ಹೊರಹಾಕಿ, ಲೋಕ ಇಷ್ಟು ದೊಡ್ಡದೇ ಎಂಬಂತೆ ನೋಡಿ, ಒಂದೇ ನೆಗೆತಕ್ಕೆ ಹಾರಿ ಮಂದಾಕಿನಿಯ ಬಟ್ಟೆ ಒಣಹಾಕುವ ತಂತಿಯ ಮೇಲೆ ಬಿತ್ತು. ತಂತಿ ಜೋಲಿ ಹೊಡೆಯಿತು. ಮರಿ ಭಾಸ್ಕರನ ಯೂನಿಫಾರ್ಮನ್ನು ಕಚ್ಚಿ ಹಿಡಿದು ಹೇಗೋ ಸಾವರಿಸಿಕೊಂಡಿತು.

ಮಂಗೇಶ ಏಣಿ ಹತ್ತಿ ಒಳ್ಳೆಯದೊಂದು ಹಣ್ಣು ಆರಿಸಿ ದೋಟಿ ಚಾಚಿದ. ತಾಯಿ ಅವನತ್ತ ನೋಡಲೇ ಇಲ್ಲ. ಮರಿಯನ್ನು ಕರೆಯಿತು, ಮರಿ ಎದ್ದು ಬಿದ್ದು ಕೊಂಬೆ ಸೇರಿತು. ಎರಡೂ ಮನೆಯ ಮಾಡು ದಾಟಿ, ಕಾಳಿ ನದಿಯ ಆಚೆ ಇನ್ನೂ ಹಸಿರು ಉಳಿದ ಕಡೆಗೆ ಹಾರಿದವು.

 ನಿತಿನ ಹಣ್ಣಿನ ಚೀಲವನ್ನು ಆಗ ಕೆಳಗಿಳಿಸಿದ. "ನನ್ನ ತಿಂಗಳು ಮುಗೀತಾ ಬಂತು ಅಕ್ಕಾ. ಮಳೆ ಮುಗಿಯೂ ತನಕ ಈ ಬದಿ ಮುಟ್ಟೂದಿಲ್ಲ ಅಂತ ಮೇಲಿನವರಿಗೆ ಹೇಳಿದ್ದೆ. ಆಮೇಲಿಂದು ನನ್ನ ಕೈಲಿಲ್ಲ. ರೂಪಾ ಮೇಡಂ ಬರೆದಿದ್ದಕ್ಕೆ ಉತ್ತರ ಬಂದ್ರೆ ಉಳೀಬಹುದು."

"ಉತ್ತರ ಬರದೇ ಹೋದ್ರೆ?" ಎಂದಳು ಮಂದಾಕಿನಿ.

"ಮತ್ತೆ ಹರಾಜು ಹಾಕಿ" ಎಂದ ನಿತಿನ. ನಗಲು ನೋಡಿದ, ಪೂರ್ತಿ ಆಗಲಿಲ್ಲ.

ಎರಡು ದಿನ ಬಿಟ್ಟು ಮಂಗೇಶ, ಜಯಂತಿ ಕಾರವಾರದ ಬಸ್ಸು ಹತ್ತಿದರು. ದಿನಕ್ಕೆ ನಾಲ್ಕೇ ನಾಲ್ಕು ಪದ ಆಡಬಹುದೆಂದು ಡಾಕ್ಟರು ಅಪ್ಪಣೆ ಕೊಟ್ಟಿದ್ದರು. ಬಸ್ಸು ಬೋಳು ಗುಡ್ಡದ ಕೆಳಗೆ, ಬಿದ್ದ ಮರಗಳ ಸಾಲು ದಾಟಿ ಹೊರಟಿತು. ಜಯಂತಿ, ಗಂಡ ಮೊದಲು ಏನು ಹೇಳುತ್ತಾನೆಂದು ಕಾದಳು. ತನ್ನ ಬಗ್ಗೆ ಏನಾದರೂ ಹೇಳಬಹುದೆಂಬ ಆಸೆ ಅವಳಿಗೆ ಇಲ್ಲದಿರಲಿಲ್ಲ.

ಮಂಗೇಶ ಕಿಟಕಿಯಿಂದ ಕಾಳಿ ನದಿಯ ಆಚೆಗೆ ಕತ್ತು ಚಾಚಿ ನೋಡಿದ. ಆಮೇಲೆ, ಹಳೆಯದಕ್ಕಿಂತ ತಗ್ಗಿದ, ಸ್ವಲ್ಪ ಒಡೆದ ದನಿಯಲ್ಲಿ, "ತಿರುಗಿ ನೋಡ್ಲೇ ಇಲ್ಲ ಅದು" ಎಂದ.

"ನೋಡ್ತು" ಎಂದಳು ಜಯಂತಿ. "ನೀವು ಆಗ ಏಣಿ ಇಳೀತಿದ್ರಿ."

ಮಂಗೇಶ ಅವಳ ಮುಖವನ್ನೇ ನೋಡಿದ. ಅವಳು ಟಿಕೆಟನ್ನು ಮಡಚುತ್ತ ಕೂತಿದ್ದಳು. ಮುಖದಿಂದ ಏನೂ ತಿಳಿಯುವಂತಿರಲಿಲ್ಲ. ಅಂದಿನ ಪಾಲಿನ ನಾಲ್ಕು ಪದ ಮುಗಿದಿದ್ದವು, ಇನ್ನು ಕೇಳುವಂತೆಯೂ ಇರಲಿಲ್ಲ. ಅವನು ನಂಬಿ, ಸೀಟಿಗೆ ಒರಗಿ ಕೂತ.